ಎರಡು ಕೀಲಿ, ಒಂದು ಜೇಬು

ದ್ವೀಪದ ಮನೆ
೧೭ ಏಪ್ರಿಲ್ ೧೮೮೬, ಶನಿವಾರ

ಮುದ್ದು ಮಗಳು ದೆಯೊಲಿಂದಾಗೆ ನಿನ್ನ ಅಮ್ಮನ ಆಶೀರ್ವಾದಗಳು.

ಕಳೆದ ಫೆಬ್ರವರಿಯ ಕುದುರೆ ಜೂಜಿನ ವಾರದಲ್ಲಿ ಇಂಗ್ಲಿಷರಾಳುವ ಈ ದ್ವೀಪದ ಸರ್ಕಾರಿ ಖಜಾನೆಯಿಂದ ನಲವತ್ತು ಸಾವಿರ ಬೆಳ್ಳಿ ಡಾಲರು ಕಳುವಾಯಿತು. ಅದು ಮೊದಲನೆಯ ಅನ್ಯಾಯ. ಎರಡನೆಯದು ಈ ವಾರ ವಿಚಾರಣಾ ಸಮಿತಿಯ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು ನಡೆಯುತ್ತಿದೆ. ಕದ್ದವರು ಯಾರೆಂದು ಅಲ್ಲಿ ಯಾರೂ ಹುಡುಕುತ್ತಿಲ್ಲ. ಯಾರ ತಲೆಗೆ ಕಟ್ಟಿದರೆ ಕಡಿಮೆ ಸದ್ದಾಗುತ್ತದೆ ಎಂದು ನೋಡುತ್ತಿದ್ದಾರೆ. ಆ ತಲೆ ನಿನ್ನ ಗಂಡ ಪೊಲಿಕಾರ್ಪೊನದು.

ನಿನ್ನನ್ನೂ ಮಗುವನ್ನೂ ಮಕಾವಿಗೆ ಚಿಕ್ಕಮ್ಮನ ಮನೆಗೆ ಅಟ್ಟಿದಾಗ, ಎಲ್ಲ ಸರಿಹೋಗುತ್ತದೆ ಎಂದಿದ್ದೆ. ಹೋಗಲಿಲ್ಲ. ಪೊಲಿಕಾರ್ಪೊ ಜಾಮೀನಿನ ಮೇಲೆ ಇಲ್ಲೇ ನನ್ನ ಜೊತೆ ಇದ್ದಾನೆ. ನಮ್ಮ ಮೆಟ್ಟಿಲ ಬುಡದಲ್ಲಿ ಒಬ್ಬ ಸಿಖ್ ಪೋಲೀಸ್ ಕೂತಿರುತ್ತಾನೆ. ಒಳ್ಳೆಯ ಮನುಷ್ಯನೇ, ನನಗೆ ನಮಸ್ಕಾರ ಮಾಡುತ್ತಾನೆ. ಆದರೂ ಅವನ ಬೂಟು ಕಲ್ಲಿಗೆ ಸವರಿದ ಸದ್ದಾದರೆ ಸೌಟು ಬಿಟ್ಟು ಕಿಟಕಿಗೆ ಓಡುತ್ತೇನೆ. ಅಡುಗೆಯ ಆ-ಮುಯಿ ಮೀನು ತರಲು ಹೋದರೆ ಮೀನಿನವಳು ಎಲ್ಲರ ಮುಂದೆ ಕೇಳಿದಳಂತೆ, "ನಿಮ್ಮನೇದು ಡಾಲರೋ, ತೂತುಕಾಸೋ? ಕಚ್ಚಿ ನೋಡಿ ತಗೋತೀನಿ, ಬೇಜಾರು ಮಾಡ್ಕೋಬೇಡ." ಖಜಾನೆಯ ಕೆಳಸಾಲಿನ ಚೀಲಗಳಲ್ಲಿ ಬೆಳ್ಳಿಯ ಬದಲು ತಾಮ್ರದ ತೂತುಕಾಸು ತುಂಬಿತ್ತು ಎನ್ನುವುದು ಮೀನು ಮಾರುಕಟ್ಟೆಗೂ ಗೊತ್ತು. ಸಮಿತಿಗೆ ಮಾತ್ರ ಗೊತ್ತಾಗಬೇಕಾದದ್ದು ಗೊತ್ತಾಗುತ್ತಿಲ್ಲ.

ಖಜಾನೆಯ ಬಾಗಿಲಿಗೆ ಎರಡು ಬೀಗ. ಒಂದು ಕೀಲಿ ಖಜಾಂಚಿ ವಿಟ್ಲಾಕ್ ದೊರೆಯದು, ಇನ್ನೊಂದು ಹಿರಿಯ ಗುಮಾಸ್ತ ನಿನ್ನ ಗಂಡನದು. ಒಬ್ಬನೇ ತೆರೆಯಬಾರದೆಂದೇ ಆ ಏರ್ಪಾಟು. ಈಗ ನಿನಗೆ ಗೊತ್ತಿಲ್ಲದ ಒಂದು ಸಂಗತಿ ಹೇಳುತ್ತೇನೆ, ಕೂತುಕೊಂಡು ಓದು.

ಜೂಜಿನ ವಾರದಲ್ಲೇ ಅಲ್ಲವೆ ನಮ್ಮ ಮಿನ್ಯೊಗೆ ಎರಡು ವರ್ಷ ತುಂಬಿದ್ದು? ಅವನ ಜ್ಞಾನತಂದೆಯೆಂದು ವಿಟ್ಲಾಕ್ ದೊರೆ ಮನೆಗೆ ಬಂದಿದ್ದರು. ನೀನು ಅಡುಗೆಮನೆಯಲ್ಲಿದ್ದೆ. ನಾನು ಕೇಕಿನ ತಟ್ಟೆ ಹಿಡಿದು ಹಜಾರದ ಬಾಗಿಲಿಗೆ ಬಂದಾಗ ಅವರು ಮಗುವಿನ ತಲೆಯ ಮೇಲೆ ಕೈಯಿಟ್ಟುಕೊಂಡೇ ಹೇಳುತ್ತಿದ್ದರು, "ಕೊಂಪಾದ್ರೆ, ನಿನ್ನ ಕೀಲಿ ಇಲ್ಲಿ ಕೊಟ್ಟಿರು. ಜೂಜು ಮುಗಿಯೋ ತನಕ ನಾನೇ ನೋಡ್ಕೋತೀನಿ. ಮಗನ ಹಬ್ಬ, ಹಾಯಾಗಿ ಮನೇಲಿರು."

ಕೊಂಪಾದ್ರೆ! ನಮ್ಮ ಮಕಾವಿನವರ ಭಾಷೆಯಲ್ಲಿ ಅವರು ಕಲಿತ ಒಂದೇ ಮಾತು ಅದು. ಮಗುವಿನ ಅಪ್ಪನೂ ಜ್ಞಾನತಂದೆಯೂ ಒಬ್ಬರನ್ನೊಬ್ಬರು ಕರೆಯುವ ಮಾತು, ಅವರು ಹೇಳುವಾಗೆಲ್ಲ ನಗುತ್ತಾರೆ. ನಮ್ಮಲ್ಲಿ ಮಗುವನ್ನು ಜ್ಞಾನಸ್ನಾನದ ತೊಟ್ಟಿಯ ಮೇಲೆ ಎತ್ತಿ ಹಿಡಿದವನು ಮಗುವಿನ ಅಪ್ಪನಿಗೆ ಒಡಹುಟ್ಟಿದವನಿಗಿಂತ ಹೆಚ್ಚು. ಅವನು ಕೇಳಿದರೆ ಇಲ್ಲವೆನ್ನುವಂತಿಲ್ಲ, ಅವನ ಮೇಲೆ ಸಾಕ್ಷಿ ಹೇಳುವಂತಿಲ್ಲ. ನಿನ್ನ ಗಂಡ ಜೇಬಿನಿಂದ ಕೀಲಿ ತೆಗೆದು ಕೊಟ್ಟ. ದೊರೆ ಅದನ್ನು ಕೋಟಿನೊಳಗೆ ಹಾಕಿಕೊಂಡು, ನನ್ನ ತಟ್ಟೆಯಿಂದ ಒಂದು ತುಂಡು ಕೇಕು ತೆಗೆದು, ಚೆನ್ನಾಗಿದೆ ಎಂದರು. ಜೂಜು ಮುಗಿದ ಮೇಲೆ ಕೀಲಿ ವಾಪಸ್ಸು ಬಂತು. ಜೂಜಿಗೆ ಮುಂಚಿನ ಎಣಿಕೆಯಲ್ಲಿ ಬೆಳ್ಳಿ ಸರಿಯಿತ್ತು; ಮಾರ್ಚಿ ಕೊನೆಗೆ ಬ್ಯಾಂಕಿನವರು ಚೀಲ ಬಿಚ್ಚಿದಾಗ ತೂತುಕಾಸು ಸುರಿಯಿತು.

ದೊರೆಯೇ ತೆಗೆದರೆಂದು ನಾನು ಹೇಳುವುದಿಲ್ಲ. ಕಣ್ಣಾರೆ ಕಾಣದ್ದನ್ನು ಹೇಳುವವಳು ನಾನಲ್ಲ. ಕಂಡದ್ದು ಎರಡು ಕೀಲಿ ಒಂದೇ ಜೇಬಿಗೆ ಹೋದದ್ದು. ಕೀಲಿ ಕೈಬಿಟ್ಟದ್ದು ನಿನ್ನ ಗಂಡನ ತಪ್ಪೇ, ಅದಕ್ಕೆ ಕೆಲಸ ಹೋಗಲಿ. ಆದರೆ ಅವರು ಮಾತಾಡುತ್ತಿರುವುದು ಹತ್ತು ವರ್ಷದ ಕಠಿಣ ಶಿಕ್ಷೆಯ ಬಗ್ಗೆ. ಅವನ ಕೆಮ್ಮು ನಿನಗೆ ಗೊತ್ತು. ಕಾಲಿಗೆ ಸರಪಳಿ ಹಾಕಿ ಗುಡ್ಡದ ಕಲ್ಲು ಒಡೆಸಿದರೆ ಒಂದು ಚಳಿಗಾಲ ದಾಟಲಾರ.

ಅಂಥವನು ಸಮಿತಿಯ ಮುಂದೆ ಎರಡು ಸಲ ಹೋಗಿ ಎರಡು ಸಲವೂ "ಕೀಲಿ ನನ್ನ ಬಳಿಯೇ ಇತ್ತು" ಎಂದು ಬಂದಿದ್ದಾನೆ! ನಾನು ಬೈದೆ, ಕಣ್ಣೀರು ಹಾಕಿದೆ. "ಅತ್ತೆ, ಅವರು ನನ್ನ ಮಗನ ತಲೆ ಮೇಲೆ ಕೈ ಇಟ್ಟೋರು," ಎನ್ನುತ್ತಾನೆ. "ಅವರೂ ನನ್ನ ಬಿಟ್ಟುಕೊಡಲ್ಲ, ಸಮಯ ನೋಡಿ ಹೇಳ್ತಾರೆ, ನೋಡ್ತಿರಿ." ಸಂಜೆಯಾದರೆ ಕಪಾಟಿನ ಮುಂದೆ ಕೂರುತ್ತಾನೆ. ಜ್ಞಾನಸ್ನಾನದ ದಿನ ದೊರೆ ಕೊಟ್ಟ ಬೆಳ್ಳಿ ಬಟ್ಟಲು ಅಲ್ಲಿದೆಯಲ್ಲ, ಮಗುವಿನ ಹೆಸರಿನ ಪಕ್ಕ ತಮ್ಮ ಹೆಸರನ್ನೂ ಕೊರೆಸಿದ್ದು, ಅದನ್ನೇ ನೋಡುತ್ತಿರುತ್ತಾನೆ. ಪೂಜಾಪೀಠದ ಮುಂದೆಯೂ ಅಷ್ಟು ಭಕ್ತಿಯಿಂದ ಕೂತದ್ದನ್ನು ನಾನು ಕಂಡಿಲ್ಲ.

ನನ್ನ ನೆನಪು ಉದ್ದವಾದದ್ದು, ಅದೇ ನನಗೆ ಶಾಪ. ಹದಿನಾಲ್ಕು ವರ್ಷದ ಕೆಳಗೆ ಸ್ಟಾಂಪು ಕಚೇರಿಯಲ್ಲಿ ಹೀಗೇ ಆದಾಗ ಸರ್ಕಾರದ ವರದಿಗೆ ಅಚ್ಚಿನ ಮೊಳೆ ಜೋಡಿಸಿದವರು ನಿನ್ನ ತಂದೆ, ಕರಡು ತಿದ್ದಿದವಳು ನಾನು. ಮೇಲಧಿಕಾರಿ ಇಂಗ್ಲಿಷಿನವನ ದೋಷ "ಅತಿಯಾದ ನಂಬಿಕೆ" ಎಂದು ಅದರಲ್ಲಿತ್ತು. ಅವನಿಗೆ ರಜೆ ಕೊಟ್ಟು, ಪಿಂಚಣಿ ಕೊಟ್ಟು, ಹಡಗು ಹತ್ತಿಸಿದರು. ನಮ್ಮವನಾದ ಗುಮಾಸ್ತ, ಮುದುಕ ಗುತ್ತೆರೆಸ್‌ನ ಹೆಣ ಜೈಲಿನ ಹಿಂಬಾಗಿಲಿಂದ ಬಂತು. ಅಂದು ಅಕ್ಷರದ ತಪ್ಪು ಮಾತ್ರ ತಿದ್ದಿದೆ. ಈಗ ಅದೇ ವರದಿ ಬೇರೆ ಹೆಸರಿನೊಂದಿಗೆ ಬರೆಯುತ್ತಿರುವುದನ್ನು ಕೇಳಿಸಿಕೊಳ್ಳುತ್ತಾ ಕೂತಿದ್ದೇನೆ.

ನಮ್ಮವರಾದರೂ ನೆರವಾದರೆಂದುಕೊಂಡೆಯಾ? ಗುರುವಾರ ನಮ್ಮವರ ಕ್ಲಬ್ಬಿನ ಹಿರಿಯ ಬರ್ರಾದಾಸ್ ಬಂದ. ಕುರ್ಚಿಯ ತುದಿಯಲ್ಲಿ ಕೂತು, "ನ್ಯೋನ್ಯಾ ಎವುಲಾಲಿಯಾ, ನಮ್ಮ ಹುಡುಗರು ಅರವತ್ತು ಜನ ಸರ್ಕಾರಿ ಕುರ್ಚೀಲಿ ಕೂತಿದಾರೆ. ನಿಮ್ಮ ಅಳಿಯ ದೊರೆ ಕಡೆ ಬೆರಳು ತೋರಿಸಿದ್ರೆ ಅಷ್ಟೂ ಕುರ್ಚಿ ಎಳೆದುಬಿಡ್ತಾರೆ. ಒಬ್ಬ ಹೋದ್ರೆ ಹೋಗ್ಲಿ, ಅರವತ್ತು ಮನೆ ಉಳೀಲಿ," ಎಂದ.

"ಹಾಗಾದ್ರೆ ಅರವತ್ತು ಜನಾನೂ ಸರದಿ ಹಾಕ್ಕೊಂಡು ಜೈಲಿಗೆ ಹೋಗಿ ಬನ್ನಿ," ಎಂದೆ. "ಹತ್ತು ವರ್ಷ ಹಂಚಿದ್ರೆ ತಲಾ ಎರಡೇ ತಿಂಗಳು. ಮೊದಲನೇ ಸರದಿ ನಿಮ್ಮ ಮಗಂದೇ ಆಗ್ಲಿ."

ಟೋಪಿ ಹಾಕಿಕೊಂಡು ಎದ್ದುಹೋದ. ಬಾಯಿ ಜೋರು ಮಾಡಿದೆ, ಅಷ್ಟೇ. ಅವನು ಹೇಳಿದ್ದು ಸುಳ್ಳಲ್ಲ, ಮಗಳೇ. ಆ ಅರವತ್ತರಲ್ಲಿ ನಿನ್ನ ತಮ್ಮನೂ ಒಬ್ಬ.

ನಾನು ಕಂಡದ್ದನ್ನು ನಾನೇ ಹೇಳುತ್ತೇನೆಂದು ಸಮಿತಿಗೆ ಹೇಳಿ ಕಳಿಸಿದೆ. ಆರೋಪಿಯ ಅತ್ತೆ, ಅದರಲ್ಲೂ ಹೆಂಗಸು, ಅಗತ್ಯವಿಲ್ಲ ಎಂದರು. ಪೊಲಿಕಾರ್ಪೊ ಬಾಯಿಬಿಟ್ಟರೆ ಮಾತ್ರ ನನ್ನನ್ನು ಕರೆಯಲೇಬೇಕಾಗುತ್ತದೆ. ನಾಳೆ ಗರಿಗಳ ಭಾನುವಾರ. ಸೋಮವಾರ ಅವನಿಗೆ ಕೊನೆಯ ಅವಕಾಶ. ಈ ಕಾಗದ ಇವತ್ತಿನ ಹಡಗಿಗೇ ಕೊಡುತ್ತೇನೆ, ನೀನು ನಾಳೆಯ ಹಡಗಿಗೇ ಒಂದು ಸಾಲು ಬರೆದು ಕಳಿಸು. ಮಾತಾಡು ಎಂದು ಬರೆ. ಕೊಂಪಾದ್ರೆಗಿಂತ ಮಗನಿಗೆ ಅಪ್ಪ ಬೇಕು ಎಂದು ಬರೆ. ನನ್ನ ಮಾತು ಅವನು ಕೇಳುತ್ತಿಲ್ಲ.

ಮಿನ್ಯೊಗೆ ಮುತ್ತು. ಸಮುದ್ರದ ದಂಡೆಗೆ ಒಬ್ಬನನ್ನೇ ಬಿಡಬೇಡ.

ನಿನ್ನ ಅಮ್ಮ,
ಎವುಲಾಲಿಯಾ

ತಾ.ಕ.: ಕಾಗದ ಮಡಿಸಿಟ್ಟಿದ್ದೆ, ಮತ್ತೆ ಬಿಚ್ಚಿದೆ. ಒಂದು ವಿಷಯ ನಿನ್ನಿಂದ ಮುಚ್ಚಿಟ್ಟು, ಬಟ್ಟಲು ಕಪಾಟಿನಲ್ಲಿ ಇನ್ನೂ ಇರುವ ಹಾಗೆ ಮೇಲೆ ಬರೆದಿದ್ದೇನೆ. ಅದು ಈಗ ಅಲ್ಲಿಲ್ಲ. ಇವತ್ತು ಬೆಳಿಗ್ಗೆ ಪೊಲಿಕಾರ್ಪೊ ಪಾಪನಿವೇದನೆಗೆಂದು ಚರ್ಚಿಗೆ ಹೋಗಿದ್ದಾಗ ದೊರೆಯ ಮನೆಯ ಆಳು ಬಂದಿದ್ದ. "ದೊರೆಗಳು ಬಟ್ಟಲು ತರೋಕೆ ಹೇಳಿದ್ರು, ಪಾಲಿಶ್ ಮಾಡಿಸ್ತಾರಂತೆ," ಎಂದ, ನೆಲ ನೋಡುತ್ತಾ. ಜ್ಞಾನಸ್ನಾನದ ಉಡುಗೊರೆಯನ್ನು ತಿರುಗಿ ಕೇಳಿದವರನ್ನು ನನ್ನ ಆಯುಷ್ಯದಲ್ಲಿ ಕಂಡಿರಲಿಲ್ಲ. ಕಳ್ಳನೆನಿಸಿಕೊಂಡವನ ಮನೆಯಲ್ಲಿ ಅವರ ಹೆಸರಿರಬಾರದಲ್ಲ! ಬಟ್ಟೆಯಲ್ಲಿ ಸುತ್ತಿ ಕೊಟ್ಟೆ. ಇದನ್ನು ತಿಳಿದರೆ ಪೊಲಿಕಾರ್ಪೊ ಎದೆಯೊಡೆದು ಸತ್ತಾನೆಂದು ಹೆದರಿ ಬಾಯಿ ಮುಚ್ಚಿಕೊಂಡಿದ್ದೆ.

ಈಗ ತಾನೇ ಬಂದವನು ಖಾಲಿ ಕಪಾಟು ನೋಡಿದ. "ಅತ್ತೆ, ಬಟ್ಟಲೆಲ್ಲಿ?" ಎಂದ.

"ಕೇಳಿ ಕಳಿಸಿದ್ರು. ಕೊಟ್ಟೆ."

"ಕೇಳಿ ಕಳಿಸಿದ್ರಾ? ಅವರೇನಾ?"

ಕಪಾಟಿನ ಬಾಗಿಲು ಮುಚ್ಚಿದ. ಆಮೇಲೆ, "ಹಾಗಾದ್ರೆ ಇನ್ನು ನಾನು ಬರೀ ಗುಮಾಸ್ತ," ಎಂದ. "ಗುಮಾಸ್ತ ಮಾತಾಡಬಹುದು." ಕರಿಯ ಕೋಟು ತಂದು ಬಿಸಿಲಿಗೆ ಹಾಕಿದ್ದಾನೆ, ಸೋಮವಾರಕ್ಕೆ.

ನನಗೆ ಮೊದಲಿಗಿಂತ ಹೆಚ್ಚು ಹೆದರಿಕೆಯಾಗಿದೆ. ಆದರೂ ಅವನ ಮಾತನ್ನೂ ನನ್ನ ಮಾತನ್ನೂ ಮುಚ್ಚಿದ ಕೋಣೆಯಲ್ಲೇ ಹೂತುಬಿಡದಿರಲೆಂದು, ನನ್ನ ಪೂರ್ತಿ ಹೆಸರು ಹಾಕಿ ಪತ್ರಿಕೆಗೆ ಇಷ್ಟು ಬರೆದು ಕಳಿಸಿದ್ದೇನೆ. ನೀನೂ ಅಲ್ಲಿ ನಮ್ಮವರಿಗೆಲ್ಲ ಓದಿ ಹೇಳು: ಜೂಜಿನ ವಾರದಲ್ಲಿ ಖಜಾನೆಯ ಎರಡು ಕೀಲಿಗಳೂ ಯಾರ ಜೇಬಿನಲ್ಲಿದ್ದವು? ಸರ್ಕಾರ ಬಾಗಿಲು ತೆಗೆಯಲಿ, ಊರೆದುರಿಗೆ ಉತ್ತರ ಹೇಳಲಿ.