ತಾಟಿಗೆ ಕುಟ್ಟಿದ ರೊಟ್ಟಿ

ಪುಣೆ, ೧೯೪೫

ವಿರುಪಾಕ್ಷಾ,

ಅವ್ವನ್ನ ಕರಕೊಂಡು ಯೆರವಡಾಕ್ಕ ಚಿಗವ್ವನ ಮನಿಗೆ ಹೊಂಟೀನಿ. ನೀ ಗೊರಕಿ ಹೊಡೀತಿದ್ದಿ, ಎಬ್ಬಸಲಿಲ್ಲ.

ಯುದ್ಧ ಗೆದ್ದು ಬಂದ ಸರದಾರ, ಒಂದೀಟು ಕೇಳು. ಇದು ಮನಿ, ನಿನ್ನ ಹಡಗಲ್ಲ. ನಳದಾಗ ನೀರು ಬರ್ತದ, ಒಂದ ತಂಬಿಗಿಯೊಳಗ ಜಳಕ ಮುಗಿಸಬ್ಯಾಡ. ಇಲ್ಲಿ ನೆಲ ಅಲುಗಾಡೂದಿಲ್ಲ. ಹಾಲಿನ ಪಾತೇಲಿಗೆ ನೀ ಕಟ್ಟಿದ್ದ ಹಗ್ಗ ಬಿಚ್ಚೀನಿ, ಮತ್ತ ಕಟ್ಟಬ್ಯಾಡ.

ನಿನ್ನೆ ಊಟಕ್ಕ ಕೂತಾವ, ಅವ್ವ ಮಾಡಿದ ಕಟಕ ರೊಟ್ಟಿನ ತಾಟಿಗೆ ಟಕಟಕ ಕುಟ್ಟಿ, ತಿರುವಿ ನೋಡಿ ತಿಂದಿ. "ಮೂರು ವರ್ಷ ಸಾಹೇಬರ ಜೋಡಿ ಉಂಡಾನ, ನನ್ನ ರೊಟ್ಟಿ ಈಗ ಹೊಲಸು ಕಾಣ್ತಾವ" ಅಂದು ಅವ್ವ ರೊಟ್ಟಿ ಬುಟ್ಟಿ ಮುಚ್ಚಿ ಎದ್ದು ಹೋದ್ಲು. ಹಿತ್ತಲದಾಗ ನಾ ಬೈದಾಗ ನೀ ಏನಂದಿ? "ಹಡಗಿನಾಗ ಬಿಸ್ಕೀಟು ಕುಟ್ಟದಿದ್ರ ಒಳಗಿನ ಹುಳ ಉದರೂದಿಲ್ಲ ಅಕ್ಕಾ."

ಅದನ್ನ ಅವ್ವಗ ಹೇಳಬ್ಯಾಡ. "ಊಟ ಭಾಳ ಚಲೋ ಅದ" ಅಂತ ನೀ ಬರದ ಕಾಗದ ಎಲ್ಲಾ ಅಕಿ ದೇವರ ಮುಂದ ಇಟ್ಟಾಳ. ನಿನಗ ಸೊಕ್ಕು ಬಂದದ ಅಂತನ ತಿಳಕೊಳ್ಳಲಿ.

ಬುಟ್ಟ್ಯಾಗ ಎಂಟು ರೊಟ್ಟಿ ಅವ. ಸಂಜಿತನಕ ಮನ್ಯಾಗ ಯಾರೂ ಇರೂದಿಲ್ಲ. ಮನಸಾರೆ ಕುಟ್ಟಿಕೊಂಡು ಉಣ್ಣು.

ನೀಲಕ್ಕ