ಮೊಂಡನಕ್ಕ ಮಂತ್ರ ಕಲಿತದ್ದು

ಮನೆಯಿಂದ,
ಗುರುವಾರ, ಹದಿನಾಲ್ಕನೇ ತಾರೀಕು, ಬೆಳಿಗ್ಗೆ ಹನ್ನೊಂದು

ಪ್ರೀತಿಯ ಮೊಂಡಾ,

ಹೇಗಿದ್ದೀಯ? ಎಂಜಿನ್ ಕೋಣೆಯ ಸದ್ದಿಗೆ ಎಡಗಿವಿ ಗುಂಯ್ ಎನ್ನುತ್ತದೆ ಎಂದು ನೀನು ಹಿಂದಿನ ಕಾಗದದಲ್ಲಿ ಬರೆದಿದ್ದೆ. ಈಗ ಕಡಿಮೆಯಾಯಿತೇ? ಬರೀ ಹತ್ತಿ ಇಟ್ಟುಕೊಂಡರೆ ಸಾಲದು, ಹಡಗಿನವರು ಕೊಟ್ಟಿರುವ ಕಿವಿಮುಚ್ಚಳವನ್ನೇ ಹಾಕಿಕೋ. ಕ್ರಾಪು ಕೆಡುತ್ತದೆ ಎಂದು ಅದನ್ನು ಗೂಟಕ್ಕೆ ತೂಗುಹಾಕುವವನು ನೀನು, ನನಗೆ ಗೊತ್ತಿಲ್ಲವೇ. ಉಳಿದಿರುವುದೇ ನಾಲ್ಕು ಕೂದಲು, ಅದಕ್ಕೆ ಇಷ್ಟು ಉಪಚಾರ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯ ತಾನೇ? ಇನ್ನು ನಾಲ್ಕು ತಿಂಗಳು ಕಳೆದರೆ ನಿನ್ನ ಕರಾರು ಮುಗಿಯುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ನಾನು ದಿನ ಹೊಡೆದುಹಾಕುತ್ತಿಲ್ಲ, ಸುಮ್ಮನೆ ನೋಡುತ್ತೇನೆ ಅಷ್ಟೇ.

ಈಗ ಒಂದು ವಿಷಯ. ಓದಿ ಗಾಬರಿಯಾಗಬೇಡ, ಆಗುವುದೆಲ್ಲ ಆಗಿ ಮುಗಿದಿದೆ. ಆರು ವಾರದ ಹಿಂದೆ ನನ್ನ ಗಂಟಲಿಗೆ ಆಪರೇಷನ್ ಆಯಿತು. ಬಸ್ ನಿಲ್ದಾಣದ ಮೈಕಿನ ಮುಂದೆ ಇಪ್ಪತ್ತೆರಡು ವರ್ಷ ಕೂತವಳಿಗೆ ಗಂಟಲು ಕಟ್ಟುವುದು ಹೊಸದಲ್ಲ, ಬಿಸಿನೀರು ಕುಡಿದರೆ ಹೋಗುತ್ತದೆ ಎಂದುಕೊಂಡಿದ್ದೆ. ಒಂದು ದಿನ ಮೂರನೇ ಅಂಕಣದ ಬಸ್ಸನ್ನು ಕೂಗುತ್ತಿದ್ದಾಗ ವಾಕ್ಯದ ನಡುವೆ ದನಿ ನಿಂತುಹೋಯಿತು. ಬಾಯಿ ಆಡುತ್ತಿದೆ, ಸದ್ದಿಲ್ಲ. ಜನ ತಲೆಯೆತ್ತಿ ಧ್ವನಿವರ್ಧಕವನ್ನು ನೋಡಿದರು, ಕರೆಂಟು ಹೋಯಿತೆಂದು. ಡಾಕ್ಟರಮ್ಮ ನೋಡಿ, ದನಿಪೆಟ್ಟಿಗೆಯ ಮೇಲೆ ಗಂಟು ಬೆಳೆದಿದೆ, ತೆಗೆಯಲೇಬೇಕು ಎಂದರು. ತೆಗೆದರು. ಕೆಟ್ಟ ಗಂಟಲ್ಲ ಎಂದು ಪರೀಕ್ಷೆಯಲ್ಲಿ ಬಂತು, ಅದೊಂದು ದೊಡ್ಡ ಸಮಾಧಾನ. ಆಮೇಲೆ ಆರು ವಾರ ಒಂದಕ್ಷರ ಆಡಬಾರದು, ಪಿಸುಗುಟ್ಟಲೂ ಬಾರದು, ಕೆಮ್ಮು ಬಂದರೂ ನುಂಗಿಕೊಳ್ಳಬೇಕು ಎಂದು ಕಟ್ಟಪ್ಪಣೆ. ನಿನಗೆ ತಿಳಿಸಿದ್ದರೆ ಮುಂದಿನ ಬಂದರಿನಲ್ಲೇ ಹಡಗು ಬಿಟ್ಟು ಬರುತ್ತಿದ್ದೆ. ಅದಕ್ಕೇ ತಿಳಿಸಲಿಲ್ಲ. ಬೈಯುವುದಿದ್ದರೆ ಕಾಗದದಲ್ಲಿ ಬೈ.

ಮಾತಿಲ್ಲದ ಮನೆ ಹೇಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನಿನ್ನ ಭಾವ ಹೋದ ಮೇಲೂ ನಾನು ಒಬ್ಬಳೇ ಮಾತಾಡಿಕೊಂಡು ಓಡಾಡುತ್ತಿದ್ದೆ ನೋಡು, ಹಾಲು ಉಕ್ಕಿದರೆ ಹಾಲಿಗೆ ಬೈಯುತ್ತಿದ್ದೆ, ಬಾಗಿಲು ಕಿರುಗುಟ್ಟಿದರೆ ಬಾಗಿಲಿಗೆ. ಈಗ ಅದೂ ಇಲ್ಲ. ಕೊರಳಿಗೆ ಒಂದು ಪುಟ್ಟ ಸ್ಲೇಟು ನೇತುಹಾಕಿಕೊಂಡು ಅಂಗಡಿಗೆ ಹೋಗುತ್ತಿದ್ದೆ. ಮಾತಾಡದವರಿಗೆ ಕಿವಿಯೂ ಕೇಳಿಸುವುದಿಲ್ಲ ಎಂದು ಜನರ ಲೆಕ್ಕ. ತರಕಾರಿಯವಳು ನನ್ನ ಮುಖದ ಹತ್ತಿರ ಬಂದು ಕಿರುಚುತ್ತಾಳೆ. ಔಷಧಿ ಅಂಗಡಿಯಾತ ನನ್ನ ಸ್ಲೇಟು ಓದಿ, ಅದನ್ನು ಕೈಯಿಂದ ತೆಗೆದುಕೊಂಡು, ಒರೆಸಿ, ‘ಈ ಮಾತ್ರೆ ನಾಳೆ ಬರುತ್ತೆ’ ಎಂದು ಬರೆದು ಹಿಂದಕ್ಕೆ ಕೊಟ್ಟ. ನಗು ಬಂತು, ನಗುವ ಹಾಗಿರಲಿಲ್ಲ. ಬರುಬರುತ್ತಾ ಹೊರಗೆ ಹೋಗುವುದನ್ನೇ ಕಡಿಮೆ ಮಾಡಿದೆ.

ಎರಡನೇ ವಾರದಲ್ಲಿ ನಿನ್ನ ಕೋಣೆಯ ಕಂಪ್ಯೂಟರಿನ ಮೇಲಿನ ಬಟ್ಟೆ ತೆಗೆದೆ. ಧೂಳು ಒರೆಸಲೆಂದೇ ತೆಗೆದದ್ದು. ನೀನು ಕತ್ತಿ ಹಿಡಿದು ಕುಣಿಯುತ್ತಿದ್ದ ಆ ಗೇಮ್ ಪರದೆಯ ಮೇಲೇ ಇತ್ತು. ರಜೆಗೆ ಬಂದಾಗ ನೀನು ಊಟ ಬಿಟ್ಟು ಅದರ ಮುಂದೆ ಕೂತರೆ, ಮನೆ ಬಾಗಿಲಿನ ಚಿಲಕ ಹಾಕಲು ಬರದವನು ಕೋಟೆ ಕಾಯುತ್ತಾನಂತೆ ಎಂದು ನಾನು ಆಡಿಕೊಂಡದ್ದೆಷ್ಟು. ಈಗ ನಾನೇ ಕೂತೆ. ನಿನ್ನ ಆಟಕ್ಕೆ ಕೈಹಚ್ಚಿಲ್ಲ, ಹೆದರಬೇಡ, ಹೊಸ ಹೆಸರಿನಲ್ಲಿ ಸೇರಿಕೊಂಡೆ. ಯಾರಾಗುತ್ತೀ ಎಂದು ಕೇಳಿತು. ಕತ್ತಿಯವಳು, ಬಿಲ್ಲಿನವಳು, ಗಾಯ ಮಾಯಿಸುವವಳು, ಮಂತ್ರಗಾತಿ. ಮಂತ್ರಗಾತಿ ದೂರ ನಿಂತು ಹೊಡೆಯುತ್ತಾಳೆ ಎಂದು ಬರೆದಿತ್ತು. ನನಗೆ ದೂರವೇ ವಾಸಿ ಎನ್ನಿಸಿ ಅದನ್ನೇ ಒತ್ತಿದೆ. ಹೆಸರು ಕೇಳಿತು. ಬೇರೆ ಏನೂ ತೋಚದೆ ‘ಮೊಂಡನಕ್ಕ’ ಎಂದು ಹಾಕಿದೆ.

ಮಂತ್ರಗಾತಿಯೆಂದರೆ ಏನೋ ಎಂದುಕೊಂಡಿದ್ದೆ. ನೈಟಿಯಂಥ ಒಂದು ಅಂಗಿ, ಒಂದು ಕೋಲು, ಬೆಂಕಿ ಉಂಡೆ ಎಸೆಯುವ ಒಂದೇ ಒಂದು ಮಂತ್ರ. ಅದನ್ನು ಹೇಳಿ ಮುಗಿಸಲು ಎರಡೂವರೆ ಸೆಕೆಂಡು. ಅಷ್ಟು ಹೊತ್ತು ಅಲುಗಾಡಬಾರದು, ಅಲುಗಿದರೆ ಮಂತ್ರ ಮುರಿಯುತ್ತದೆ. ಎರಡೂವರೆ ಸೆಕೆಂಡು ಏನು ಮಹಾ ಎನ್ನುತ್ತೀಯ, ಎದುರಿಗೆ ತೋಳ ಓಡಿ ಬರುತ್ತಿರುವಾಗ ನಿಂತು ನೋಡು. ನಾನಂತೂ ಪ್ರತಿ ಸಲವೂ ಅರ್ಧಕ್ಕೇ ಓಡಿದೆ. ತೋಳ ನನಗಿಂತ ಚೆನ್ನಾಗಿ ಓಡುತ್ತದೆ. ಮೊದಲ ದಿನ ಮಧ್ಯಾಹ್ನದೊಳಗೆ ಹನ್ನೊಂದು ಸಲ ಸತ್ತೆ. ಇನ್ನು ಆ ನೀಲಿ ಪಟ್ಟಿ. ಮಂತ್ರದ ಶಕ್ತಿಯಂತೆ ಅದು, ನಾಲ್ಕು ಮಂತ್ರಕ್ಕೆ ಖಾಲಿ. ಆಮೇಲೆ ನೆಲದ ಮೇಲೆ ಕೂತು ನೀರು ಕುಡಿಯುತ್ತಾ ಅದು ತುಂಬುವುದನ್ನು ಕಾಯಬೇಕು. ಹೊಡೆದದ್ದಕ್ಕಿಂತ ಕೂತದ್ದೇ ಜಾಸ್ತಿ. ಮಂತ್ರಕ್ಕಿಂತ ಉಗುಳೇ ಹೆಚ್ಚು ಎಂದು ಅಜ್ಜಿ ಹೇಳುತ್ತಿದ್ದದ್ದು ನನ್ನನ್ನು ನೋಡಿಯೇ ಇರಬೇಕು.

ಆದರೂ ದಿನವೂ ಕೂತೆ. ಯಾಕೆಂದು ನಿನಗೆ ಹೇಳಿಬಿಡುತ್ತೇನೆ, ನಗಬೇಡ. ಮಂತ್ರ ಹಾಕುವಾಗ ಆ ಹೆಂಗಸು ಬಾಯಿಬಿಟ್ಟು ಏನೋ ಹೇಳುತ್ತಾಳೆ. ಯಾವ ಭಾಷೆಯೋ, ಮೂರು ಪದ, ತುಂಬಿದ ದನಿ. ಮೊದಲ ಸಲ ಕೇಳಿದಾಗ ಬೆಚ್ಚಿ ಹಿಂದೆ ತಿರುಗಿದೆ. ಎರಡು ವಾರದಿಂದ ಈ ಮನೆಯೊಳಗೆ ಹೆಂಗಸಿನ ದನಿ ಕೇಳಿರಲಿಲ್ಲ. ಆಮೇಲಾಮೇಲೆ ತೋಳ ಇಲ್ಲದ ಖಾಲಿ ಬಯಲಿಗೆ ಹೋಗಿ ನಿಂತು, ಯಾರಿಗೂ ಅಲ್ಲದ ಬೆಂಕಿಯನ್ನು ಗಾಳಿಗೆ ಎಸೆಯುತ್ತಿದ್ದೆ. ಅವಳು ಹೇಳಲಿ ಎಂದು. ನೀಲಿ ಪಟ್ಟಿ ಮುಗಿದರೆ ನೀರು ಕುಡಿದು ಮತ್ತೆ.

ಹೀಗೇ ಒಂದು ವಾರ ಒದ್ದಾಡಿ ಎಂಟನೇ ಲೆವೆಲ್ಲಿಗೆ ಬಂದ ಮೇಲೆ ಒಂದು ಗುಹೆಗೆ ಹೋಗಬೇಕಾಯಿತು. ಅಲ್ಲಿಗೆ ಒಬ್ಬರೇ ಹೋಗುವಂತಿಲ್ಲ, ಐದು ಜನ ಬೇಕು. ಗೇಮೇ ಯಾರು ಯಾರನ್ನೋ ಹಿಡಿದು ಗುಂಪು ಕಟ್ಟಿತು. ಎಲ್ಲರೂ ಮೈಕಿನಲ್ಲಿ ಮಾತಾಡುತ್ತಿದ್ದರು, ಕಾಲೇಜು ಹುಡುಗರಂಥ ದನಿಗಳು. ಅಕ್ಕಾ, ಮೈಕ್ ಹಾಕಿ ಎಂದರು. ನಾನು ಒಂದು ಬೆರಳಿನಲ್ಲಿ ‘ಮಾತಾಡಲು ಆಗುವುದಿಲ್ಲ’ ಎಂದು ಅಕ್ಷರ ಹುಡುಕಿ ಒತ್ತುತ್ತಿದ್ದೆ. ಅದು ಮುಗಿಯುವುದರೊಳಗೆ ಯಾವುದೋ ಮಂತ್ರದ ಗುಂಡಿಗೆ ಬೆರಳು ತಾಕಿ, ಮಲಗಿದ್ದ ಮೃಗಗಳೆಲ್ಲ ಎದ್ದು ನಮ್ಮ ಮೇಲೆ ಬಿದ್ದವು. ಎಲ್ಲರೂ ಸತ್ತರು. ಆಗ ಒಬ್ಬ ಹೇಳಿದ್ದು ಕಿವಿಯಲ್ಲಿ ಹಾಗೇ ಉಳಿದಿದೆ: “ಮೂಗಿ ಇರ್ಬೇಕು ಬಿಡ್ರೋ, ತೆಗೆದುಹಾಕಿ.” ಉಳಿದವರು ನಕ್ಕರು. ಪರದೆಯ ಮೇಲೆ, ನಿಮ್ಮನ್ನು ತಂಡದಿಂದ ಕೈಬಿಡಲಾಗಿದೆ ಎಂದು ಬಂತು. ಸಾವಿರಾರು ಜನರನ್ನು ಸರಿಯಾದ ಬಸ್ಸಿಗೆ ಹತ್ತಿಸಿದ ಬಾಯಿ ಇದು ಕಣೋ. ಆ ಹುಡುಗರೂ ಎಂದೋ ಒಂದು ದಿನ ನನ್ನ ಮಾತು ಕೇಳಿ ಅಂಕಣಕ್ಕೆ ಓಡಿರಬಹುದು. ಅಳು ಬಂತು. ಬಿಕ್ಕಿದರೆ ಗಂಟಲಿಗೆ ಪೆಟ್ಟು ಎಂದಿದ್ದರು ಡಾಕ್ಟರಮ್ಮ. ಬಾಯಿಗೆ ಟವೆಲು ಒತ್ತಿಕೊಂಡು, ಕಣ್ಣಲ್ಲಿ ಮಾತ್ರ ಅತ್ತೆ.

ಕಂಪ್ಯೂಟರ್ ಆರಿಸಬೇಕು ಎನ್ನುವಷ್ಟರಲ್ಲಿ ಪರದೆಯಲ್ಲಿ ಒಂದು ಸಾಲು ಮೂಡಿತು. ಆ ಗುಂಪಿನಲ್ಲಿ ಗುರಾಣಿ ಹಿಡಿದು ಎಲ್ಲರ ಮುಂದೆ ನಿಂತಿದ್ದವನದು. ‘ನಾನೂ ಬಿಟ್ಟು ಬಂದೆ. ಕೆರೆ ಹತ್ರ ಬನ್ನಿ ಅಕ್ಕಾ, ತೋಳ ಹೊಡೆಯೋದು ಹೇಳಿಕೊಡ್ತೀನಿ.’ ಅವನ ಆಟದ ಹೆಸರು ‘ಭಟ್ಟಿ’. ಬೇಕರಿಯಲ್ಲಿ ಬ್ರೆಡ್ಡು ಸುಡುವ ಕೆಲಸವಂತೆ. ಬೆಳಗಿನ ಜಾವ ಎದ್ದು ದುಡಿದು, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಹಿಟ್ಟು ಉಬ್ಬಲು ಬಿಟ್ಟಾಗ ಆಡುತ್ತಿದ್ದ. ಎಲ್ಲಿನವನು, ಎಷ್ಟು ವಯಸ್ಸು, ಏನೂ ಗೊತ್ತಿಲ್ಲ, ಕೇಳಲಿಲ್ಲ. ಮರುದಿನದಿಂದ ಎರಡು ಗಂಟೆಗೆ ಸರಿಯಾಗಿ ನಾನು ಕೆರೆಯ ಹತ್ತಿರ ಇರುತ್ತಿದ್ದೆ.

ಅವನು ಹೇಳಿಕೊಟ್ಟದ್ದು ಇಷ್ಟೇ. ಮೊದಲ ಏಟು ನಾನು ಕೊಡ್ತೀನಿ, ನೀವು ಮೂರು ಎಣಿಸಿ, ಆಮೇಲೆ ಮಂತ್ರ ಶುರುಮಾಡಿ. ಮೃಗ ನಿಮ್ಮ ಕಡೆ ತಿರುಗಿದರೆ ದೂರ ಓಡಬೇಡಿ, ನನ್ನ ಹತ್ರಕ್ಕೇ ಬನ್ನಿ. ಈ ಕೊನೆಯದನ್ನು ಕಲಿಯಲು ನನಗೆ ನಾಲ್ಕು ದಿನ ಬೇಕಾಯಿತು. ಅಪಾಯ ಬಂದರೆ ಹಿಂದಕ್ಕೆ ಓಡುವ ಕಾಲು ಇವು, ಜನರಿರುವ ಕಡೆಗೆ ಓಡುವ ಅಭ್ಯಾಸ ಎಲ್ಲಿಂದ ಬರಬೇಕು. ಅವನು ಒಂದು ದಿನವೂ ಮೈಕ್ ಹಾಕಿ ಎನ್ನಲಿಲ್ಲ, ಯಾಕೆ ಮಾತಾಡುವುದಿಲ್ಲ ಎಂದು ಕೇಳಲಿಲ್ಲ. ಕೊನೆಗೆ ನಾನೇ ತಡೆಯಲಾರದೆ ಉದ್ದಕ್ಕೆ ಬರೆದೆ, ಬಸ್ ನಿಲ್ದಾಣ, ಗಂಟು, ಆಪರೇಷನ್, ಸ್ಲೇಟು ಎಲ್ಲವನ್ನೂ. ಬರೆಯಲು ಕಾಲು ಗಂಟೆ ಹಿಡಿಯಿತು. ಅವನು ಅಷ್ಟು ಹೊತ್ತೂ ನನ್ನ ಮುಂದೆ ಗುರಾಣಿ ಹಿಡಿದು ನಿಂತಿದ್ದ. ಓದಿ ಬರೆದ ಉತ್ತರ: ‘ಸರಿ ಅಕ್ಕಾ. ಎಡಗಡೆ ಇನ್ನೊಂದು ತೋಳ ಬರ್ತಿದೆ, ನೋಡಿಕೊಳ್ಳಿ.’ ಅಯ್ಯೋ ಪಾಪ ಎನ್ನದ ಮನುಷ್ಯ ಎಷ್ಟು ದಿನಕ್ಕೆ ಸಿಕ್ಕಿದ್ದ ಗೊತ್ತಾ.

ಐದನೇ ವಾರದಲ್ಲಿ ಅದೇ ಗುಹೆಗೆ ಹೋದೆವು. ಭಟ್ಟಿ ಮೊದಲೇ ಉಳಿದ ಮೂವರಿಗೆ ತಿಳಿಸಿದ್ದ, ನಮ್ಮ ಮಂತ್ರಗಾತಿ ಮಾತಾಡಲ್ಲ, ಕೆಲಸ ಮಾಡ್ತಾರೆ ಎಂದು. ಗುಹೆಯ ಕೊನೆಯಲ್ಲಿ ಒಂದು ಕಲ್ಲಿನ ರಾಕ್ಷಸ. ಗಾಯ ಮಾಯಿಸುವವನು ಬಿದ್ದ, ಬಿಲ್ಲಿನವರಿಬ್ಬರೂ ಬಿದ್ದರು, ಭಟ್ಟಿಗೆ ಉಸಿರು ಬಿಟ್ಟರೆ ಏನೂ ಉಳಿದಿರಲಿಲ್ಲ. ನನ್ನಲ್ಲಿ ಒಂದೇ ಮಂತ್ರಕ್ಕಾಗುವಷ್ಟು ನೀಲಿ ಇತ್ತು. ಅದು ದೊಡ್ಡ ಮಂತ್ರ, ಆರು ಸೆಕೆಂಡಿನದು. ಶುರುಮಾಡಿದೆ. ಎರಡನೇ ಸೆಕೆಂಡಿಗೆ ಭಟ್ಟಿ ಬಿದ್ದ. ರಾಕ್ಷಸ ನನ್ನ ಕಡೆ ತಿರುಗಿ ಹೆಜ್ಜೆ ಹಾಕತೊಡಗಿತು. ನನ್ನ ಎಡಗೈ ಓಡುವ ಗುಂಡಿಯ ಮೇಲೇ ಇತ್ತು, ಆ ಕೈಯನ್ನು ತೆಗೆದು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಅವಳು ಹೇಳುತ್ತಲೇ ಇದ್ದಳು. ಅದು ಕೈಯೆತ್ತಿತು, ಇವಳ ಮಾತು ಮುಗಿಯಿತು, ಕಲ್ಲೆಲ್ಲ ಪುಡಿಪುಡಿ. ಸತ್ತುಬಿದ್ದಿದ್ದ ನಾಲ್ವರೂ ನೆಲದಿಂದಲೇ ಚಪ್ಪಾಳೆಯ ಚಿತ್ರ ಕಳಿಸಿದರು. ನಾನು ಕುರ್ಚಿಯಿಂದೆದ್ದು ಕೋಣೆಯ ತುಂಬಾ ಓಡಾಡಿದೆ. ಯಾರಿಗಾದರೂ ಹೇಳಬೇಕಿತ್ತು, ಕಿಟಕಿ ತೆಗೆದೆ, ಬೀದಿಯಲ್ಲಿ ಒಂದು ನಾಯಿ ಇತ್ತು.

ಆಮೇಲೆ ಎರಡು ದಿನಕ್ಕೆ ಭಟ್ಟಿ ಹೇಳಿದ, ಬೇಕರಿಗೆ ಹೊಸ ಯಂತ್ರ ಬಂತು, ಹಿಟ್ಟು ಅದರಲ್ಲೇ ಬೇಗ ಉಬ್ಬುತ್ತೆ, ಇನ್ನು ಮಧ್ಯಾಹ್ನ ಬಿಡುವಿಲ್ಲ ಎಂದು. ‘ನೀವಿನ್ನು ಹೊಸಬರಲ್ಲ ಅಕ್ಕಾ’ ಎಂದು ಬರೆದು ಹೋದ. ಅವನ ಹೆಸರು ಪಟ್ಟಿಯಲ್ಲಿ ಬೂದು ಬಣ್ಣಕ್ಕೆ ತಿರುಗಿ ಇವತ್ತಿಗೆ ಹದಿಮೂರು ದಿನ. ನಾನು ಎರಡು ಗಂಟೆಗೆ ಈಗಲೂ ಕೆರೆಯ ಹತ್ತಿರ ಹೋಗುತ್ತೇನೆ. ಒಬ್ಬಳೇ ಮೂರು ಎಣಿಸುತ್ತೇನೆ. ತೋಳಗಳನ್ನು ಈಗ ಸುಲಭವಾಗಿ ಹೊಡೆಯುತ್ತೇನೆ, ಅದರಲ್ಲಿ ಮೊದಲಿನ ಮಜಾ ಇಲ್ಲ.

ಗಂಟಲಿನ ಗಾಯ ಚೆನ್ನಾಗಿ ಮಾಗಿದೆ, ಊಟ ಸೇರುತ್ತಿದೆ, ನಿದ್ದೆಯೂ ಬರುತ್ತದೆ. ನಿನ್ನ ಕೋಣೆಯನ್ನು ಓರಣವಾಗಿಟ್ಟಿದ್ದೇನೆ. ನಿನ್ನ ಜೊತೆಯವರಿಗೆಲ್ಲ ನನ್ನ ನಮಸ್ಕಾರ ತಿಳಿಸು. ನೀರಿನ ಮೇಲಿರುವವನು, ಹುಷಾರಾಗಿರು, ನಿನಗೆ ಎಲ್ಲ ಒಳ್ಳೆಯದಾಗಲಿ.

ನಿನ್ನ ಪ್ರೀತಿಯ,
ಅಕ್ಕ

ತಾ. ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಹಡಗಿಗೆ ಕಾಗದ ತಲುಪಿಸುವ ನಿಮ್ಮ ಕಂಪನಿಯ ಕಚೇರಿ ಇನ್ನರ್ಧ ಗಂಟೆಗೆ ಮುಚ್ಚುತ್ತದೆ, ಬೇಗ ಬರೆದುಬಿಡುತ್ತೇನೆ. ಆರು ವಾರ ಮುಗಿದದ್ದು ಮೊನ್ನೆ ಮಂಗಳವಾರ. ಡಾಕ್ಟರಮ್ಮ ‘ಆ’ ಎನ್ನಿ ಎಂದರು. ಗಾಳಿ ಬಂತು, ದನಿ ಬರಲಿಲ್ಲ. ಗಂಟು ಬೇರುಬಿಟ್ಟಿತ್ತಂತೆ. ಇನ್ನು ಮುಂದೆ ಪಿಸುದನಿ ಮಾತ್ರ, ಹಳೆಯ ದನಿಯ ಆಸೆ ಬೇಡ ಎಂದರು. ನಿಲ್ದಾಣದಲ್ಲಿ ನನ್ನನ್ನು ಕಳೆದುಹೋದ ಸಾಮಾನಿನ ಕೋಣೆಗೆ ಹಾಕಿದ್ದಾರೆ, ಸೋಮವಾರದಿಂದ ಕೆಲಸ. ನೀನು ಬಂದರುಗಳಿಂದ ಮೂರು ಸಲ ಫೋನ್ ಮಾಡಿದಾಗಲೂ ನಾನು ಮನೆಯಲ್ಲೇ ಇದ್ದೆ. ಕೆಲಸದಲ್ಲಿದ್ದೆ ಎಂದು ಮೆಸೇಜು ಕಳಿಸಿದ್ದು ಸುಳ್ಳು. ಪ್ರತಿ ಸಲವೂ ನೀನು ಮೊದಲು ಕೇಳುವುದು “ಅಕ್ಕಾ, ಒಂದು ಬಸ್ ಕೂಗು” ಎಂದು. ಆಗ ಕೂಗುವಂತಿರಲಿಲ್ಲ, ಅದಕ್ಕೇ ಎತ್ತಲಿಲ್ಲ. ಇನ್ನು ಅದು ಆಗದು ಕಣೋ. ಈ ಕಾಗದ ಸಿಕ್ಕಿದ ದಿನ ಫೋನ್ ಮಾಡು. ಎತ್ತುತ್ತೇನೆ. ನನ್ನ ಪಿಸುದನಿ ಫೋನಿನಲ್ಲಿ ಕೇಳಿಸದು, ಹೌದು ಎನ್ನಲು ಒಂದು ಸಲ, ಇಲ್ಲ ಎನ್ನಲು ಎರಡು ಸಲ ಬೆರಳಿನಿಂದ ತಟ್ಟುತ್ತೇನೆ. ಏನೂ ಕೇಳಿಸದಿದ್ದರೂ ಯಾರೂ ಇಲ್ಲವೆಂದು ಇಟ್ಟುಬಿಡಬೇಡ, ನೀನು ಮಾತಾಡುತ್ತಿರು.