ಹಗುರವಾದ ವರ್ಷ ಬೇಡವೆಂದ ಹುಡುಗಿಯ ಪರವಾಗಿ

ಮಾನ್ಯ ಹೈಸ್ಕೂಲ್ ಕೌನ್ಸೆಲರ್ ಅವರೇ,

ನಿನ್ನೆ ನಿಮ್ಮ ಆಫೀಸಿನಲ್ಲಿ ನೀವಾಡಿದ ಮಾತಿಗೇ ಮತ್ತೆ ಬರುತ್ತೇನೆ. ‘ಪಾಪ, ತುಂಬ ನೊಂದಿದ್ದಾಳೆ, ಕೊನೆಯ ವರ್ಷ, ಸೀನಿಯರ್ ಇಯರ್ ಆದರೂ ಹಗುರವಾಗಿರಲಿ’ ಎಂದು ನನ್ನ ಮಗಳು ಇಂಚರಾ ಕೇಳಿದ, ಕಾಲೇಜು ಮಟ್ಟದ ಎಪಿ ಬಯಾಲಜಿಯನ್ನು ತೆಗೆದು ಎನ್ವಿರಾನ್ಮೆಂಟಲ್ ಸೈನ್ಸ್ ಹಾಕಿದಿರಿ. ಕೆಮಿಸ್ಟ್ರಿಯಲ್ಲಿ ಅಂಕ ಇಳಿದಿದೆಯಂತೆ, ಟೀಚರ್ ಶಿಫಾರಸು ಮಾಡಿಲ್ಲವಂತೆ. ಅಂಕ ಇಳಿದದ್ದು ಯಾವಾಗ ಎಂದು ಯಾರಾದರೂ ಕೇಳಿದಿರಾ?

ಮಾರ್ಚಿನಲ್ಲಿ. ಅವಳ ತಾಯಿ ರಾಜಿ ತೀರಿಕೊಂಡದ್ದೂ ಮಾರ್ಚಿನಲ್ಲೇ. ತಾಯಿಯ ಸಾವಿಗೆ ನಿಮ್ಮ ನಿಯಮ ಕೊಡುವ ರಜೆ ಒಂದು ವಾರವೂ ಇಲ್ಲ. ನಮ್ಮಲ್ಲಿ ವೈಕುಂಠ ಸಮಾರಾಧನೆ ಮುಗಿಯದೆ ಮಕ್ಕಳು ಮನೆ ಬಿಟ್ಟು ಹೊರಡುವುದಿಲ್ಲ. ನಾನು ಕರ್ಮಕ್ಕೆ ಕೂತಾಗ ಎಳ್ಳು, ದರ್ಭೆ ಎತ್ತಿಕೊಡುತ್ತ ಪಕ್ಕದಲ್ಲಿದ್ದವಳು ಅವಳು. ಆ ದಿನಗಳಲ್ಲಿ ತಪ್ಪಿದ ಲ್ಯಾಬ್‌ಗಳಿಗೆಲ್ಲ ಸೊನ್ನೆ. ತಾಯಿಗೆ ಎಳ್ಳುನೀರು ಬಿಡುವಾಗ ಜೊತೆಗಿದ್ದದ್ದಕ್ಕೆ ಸೊನ್ನೆ ಹಾಕುವುದು ಯಾವ ವಿಜ್ಞಾನ, ಸ್ವಾಮಿ?

ಬಯಾಲಜಿಯೇ ಏಕೆ ಎಂದಿರಿ. ರಾಜಿಯ ಡಯಾಲಿಸಿಸ್ ನಡೆಯುವಾಗ ಇವಳು ಪಕ್ಕದಲ್ಲೇ ಹೋಮ್‌ವರ್ಕ್ ಹರಡಿಕೊಂಡು ಕೂರುತ್ತಿದ್ದಳು. ಕಾಲು ಏಕೆ ಊದುತ್ತದೆ, ಮೈಯೊಳಗಿನ ನೀರು ಎಲ್ಲಿಗೆ ಹೋಗುತ್ತದೆ ಎಂದು ನರ್ಸ್‌ಗೆ ಬಿಡುವು ಕೊಡುತ್ತಿರಲಿಲ್ಲ. ರಾಜಿ ನಗುತ್ತಿದ್ದಳು: ‘ನನ್ ಕಿಡ್ನಿ ವಿಷ್ಯ ನನಗಿಂತ ಇವಳಿಗೇ ಚೆನ್ನಾಗಿ ಗೊತ್ತು ಕಣ್ರೀ. ಡಾಕ್ಟ್ರು ಬಂದ್ರೆ ಇವಳನ್ನೇ ಕೇಳಿ ಅನ್ನಿ.’ ಈಗ ನರ್ಸಿಂಗ್ ಕಾಲೇಜುಗಳಿಗೆ ಅರ್ಜಿ ಹಾಕಬೇಕೆಂದಿದ್ದಾಳೆ. ಕೊನೆಯ ವರ್ಷ ಬಯಾಲಜಿಯಿಲ್ಲದ ಅರ್ಜಿಗೆ ಅಲ್ಲಿ ಎಷ್ಟು ಮರ್ಯಾದೆ?

ನಿನ್ನೆ ನಿಮ್ಮಲ್ಲಿಂದ ನಾನೂ ಇಂಚರಾಳೂ ನೇರ ಇಲ್ಲಿನ ಬ್ರಿಡ್ಜ್‌ವಾಟರ್ ದೇವಸ್ಥಾನಕ್ಕೆ ಹೋದೆವು. ಕ್ಯಾಂಟೀನಿನಲ್ಲಿ ಸಿಕ್ಕ ಗೆಳೆಯ ಸುಮೀತ್, ‘ಬಿಡಿ ಸಾರ್, ಎನ್ವಿರಾನ್ಮೆಂಟಲ್ ಅಂದ್ರೆ ಈಸಿ ಎ ಗ್ರೇಡು. ನಮ್ ಹುಡುಗ ನಿದ್ದೆ ಮಾಡ್ಕೊಂಡೇ ಪಾಸಾದ’ ಎಂದ. ಇಂಚರಾ ದೋಸೆ ತಟ್ಟೆ ಸರಿಸಿದಳು. ‘ಅಂಕಲ್, ಐ ಡಿಡಂಟ್ ಆಸ್ಕ್ ಫಾರ್ ಈಸಿ.’ ಕಾರಿನಲ್ಲಿ ನನ್ನ ಪಕ್ಕ ಬಿಟ್ಟು ಹಿಂದಿನ ಸೀಟಿಗೆ ಹೋಗಿ ಕೂತಳು. ಮೊದಲಾದರೆ ರಾಜಿ ನಮ್ಮಿಬ್ಬರ ನಡುವೆ ಏನಾದರೂ ಹೇಳುತ್ತಿದ್ದಳು. ಅದು ಬೇರೆ ವಿಷಯ, ನಿಮಗೆ ಸಂಬಂಧಿಸಿದ್ದಲ್ಲ.

ಕೇಳುವುದಿಷ್ಟು. ಬೇಸಿಗೆ ರಜೆಗೆ ಮೊದಲು ತಪ್ಪಿದ ಲ್ಯಾಬ್‌ಗಳನ್ನು ಅವಳಿಂದ ಮಾಡಿಸಿ, ಆಮೇಲೆ ಅಂಕ ಹಾಕಿ. ಕನಿಕರ ನಿಮ್ಮಲ್ಲೇ ಇರಲಿ, ಆ ತರಗತಿಯಲ್ಲಿ ಅವಳಿಗೊಂದು ಜಾಗ ಕೊಡಿ. ‘ಜಸ್ಟಿಸ್ ಡಿಲೇಡ್ ಈಸ್ ಜಸ್ಟಿಸ್’ ಎಂದೇನೋ ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆ. ಕೊನೆಯ ಪದ ನಿನ್ನೆ ನಿಮ್ಮೆದುರು ಎಷ್ಟು ತಡಕಿದರೂ ಸಿಗಲಿಲ್ಲ. ಅದಕ್ಕೇ ನನಗೆ ತಡಕದೆ ಬರುವ ಭಾಷೆಯಲ್ಲಿ, ನಮ್ಮ ಕನ್ನಡ ಕೂಟದ ಪತ್ರಿಕೆಗೆ ಬರೆಯುತ್ತಿದ್ದೇನೆ. ಓದಿದವರು ಯಾರಾದರೂ ನಿಮಗೆ ತಿಳಿಸಿ ಹೇಳಲಿ.

ಇನ್ನೂ ಹೇಳುವುದಿತ್ತು. ಆದರೆ ಅಕ್ಷರ ಕಾಣುತ್ತಿಲ್ಲ, ಬೆಳಕು ಹೋಗುತ್ತಿದೆ. ರಾಜಿ ಹೋದಮೇಲೆ ದೇವರಿಗೆ ದೀಪ ಹಚ್ಚುವುದು ಇಂಚರಾ. ನಿನ್ನೆಯಿಂದ ಅವಳು ಕೋಣೆಯ ಬಾಗಿಲು ತೆರೆದಿಲ್ಲ. ಇವತ್ತು ನಾನೇ ಹಚ್ಚುತ್ತೇನೆ.

ಇಂತಿ,
ನಿನ್ನೆ ನಿಮಗೆ ‘ಥ್ಯಾಂಕ್ಯೂ’ ಅಂತಷ್ಟೇ ಹೇಳಿ ಎದ್ದುಬಂದ ತಂದೆ